ಸಿಸಿಎನ್‌ಎಗೆ ಮನೆಯಲ್ಲೇ ಲ್ಯಾಬ್: ಹಳೇ ಸ್ವಿಚ್ ಕೊಳ್ಳೋದಾ, ಲ್ಯಾಪ್‌ಟಾಪೇ ಸಾಕಾ?

ನನ್ನ ಮಂಚದ ಕೆಳಗೆ ಒಂದು ರಟ್ಟಿನ ಡಬ್ಬ ಇದೆ. ಅದರಲ್ಲಿ ಮೂರು ಹಳೇ ಸಿಸ್ಕೊ 1841 ರೂಟರ್‌ಗಳು ಮತ್ತು ಸಿಕ್ಕುಸಿಕ್ಕಾದ ಒಂದಷ್ಟು ಕೇಬಲ್‌ಗಳು. ಸಿಸಿಎನ್‌ಎ, ಅಂದರೆ ಸಿಸ್ಕೊ ಕಂಪನಿಯ ಆರಂಭದ ಹಂತದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್‌ಗೆ ಓದಬೇಕು ಅಂತ ತೀರ್ಮಾನ ಮಾಡಿದ ಮೊದಲ ವಾರವೇ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ತಂದದ್ದು. ಜೊತೆಗೆ ಎರಡು 2960 ಸ್ವಿಚ್ (ಒಂದೇ ಜಾಗದ ಯಂತ್ರಗಳನ್ನು ಕೇಬಲ್‌ನಲ್ಲಿ ಜೋಡಿಸುವ ಪೆಟ್ಟಿಗೆ) ಕೂಡ ತಂದಿದ್ದೆ. ಅವುಗಳಲ್ಲಿ ಒಂದು ಈಗಲೂ ಮೇಜಿನ ಮೇಲಿದೆ, ಇನ್ನೊಂದು ಬೇರೆಯವರ ಮನೆ ಸೇರಿದೆ. ಓದು ಶುರು ಮಾಡುವ ಮುಂಚೆ ಸಾಮಾನು ಜೋಡಿಸೋದರಲ್ಲೇ ಒಂದು ಖುಷಿ, ಅಲ್ವಾ? ಆದರೆ ಪರೀಕ್ಷೆ ಪಾಸಾದದ್ದು ಆ ಡಬ್ಬದಿಂದಲ್ಲ. ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿ ಬಂದ ಮೇಲೂ ಐದು ನಿಮಿಷದಲ್ಲಿ ತೆರೆಯಬಹುದಾದ ಲ್ಯಾಬ್‌ನಿಂದ.

ಹಾಗಾಗಿ ಈ ಹೋಲಿಕೆಯಲ್ಲಿ ನನ್ನ ಅಳತೆಗೋಲು ಒಂದೇ. ಕೆಡಿಸಿ ಮತ್ತೆ ಕಟ್ಟಲು ಎಷ್ಟು ಹೊತ್ತು ಬೇಕು? ದುಡ್ಡು, ರ‍್ಯಾಮ್, ಅಂದಚಂದ ಎಲ್ಲ ಆಮೇಲೆ.

ಕೊಳ್ಳುವ ಮುಂಚೆ ಪರೀಕ್ಷೆ ಏನು ಕೇಳುತ್ತದೆ ಅಂತ ನೋಡಿಬಿಡಿ. ನಾನು ನೋಡಿರಲಿಲ್ಲ. ಸಿಸಿಎನ್‌ಎಯ ಈಗಿನ 200-301 ಪರೀಕ್ಷೆ 2020ರ ಫೆಬ್ರವರಿಯಲ್ಲಿ ಬಂತು, ಅದರ 1.1 ಆವೃತ್ತಿ 2024ರ ಆಗಸ್ಟ್‌ನಲ್ಲಿ. 120 ನಿಮಿಷದ ಪರೀಕ್ಷೆ. ಫೀಸು 300 ಡಾಲರ್, ತೆರಿಗೆ ಸೇರಿದರೆ ನಮ್ಮ ದುಡ್ಡಿನಲ್ಲಿ 25 ಸಾವಿರ ದಾಟುತ್ತದೆ. ದೊಡ್ಡ ಪಾಲು, ಅಂದರೆ 25%, ಐಪಿ ಕನೆಕ್ಟಿವಿಟಿಗೆ: ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದುಕೊಡುವ ದಾರಿ) ಮತ್ತು ಸಿಂಗಲ್ ಏರಿಯಾ ಒಎಸ್‌ಪಿಎಫ್ (ರೂಟರ್‌ಗಳು ತಾವೇ ದಾರಿ ಕಂಡುಕೊಳ್ಳುವ ವಿಧಾನ). ಇನ್ನೊಂದು 20% ನೆಟ್‌ವರ್ಕ್ ಆಕ್ಸೆಸ್‌ಗೆ: ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ನೆಟ್‌ವರ್ಕ್), ಟ್ರಂಕ್ (ಹಲವು ವಿಲ್ಯಾನ್ ಹೊರುವ ಲಿಂಕ್), ಈಥರ್‌ಚಾನೆಲ್ (ಹಲವು ಲಿಂಕ್ ಸೇರಿಸಿ ಒಂದು ಮಾಡೋದು), ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಸುತ್ತು ಬೀಳದಂತೆ ತಡೆಯೋದು), ವೈರ್‌ಲೆಸ್. ಆಟೊಮೇಷನ್‌ಗೆ 10%. ಆಯ್ಕೆ ಪ್ರಶ್ನೆಗಳ ಜೊತೆ ಕಮಾಂಡ್ ಟೈಪ್ ಮಾಡಿಯೇ ಬಿಡಿಸಬೇಕಾದ ಲ್ಯಾಬ್ ಪ್ರಶ್ನೆಗಳೂ ಬರುತ್ತವೆ.

ಈ ಪಟ್ಟಿಯಲ್ಲಿ ಇಲ್ಲದ್ದನ್ನೂ ಗಮನಿಸಿ. ದೂರದ ಆಫೀಸುಗಳನ್ನು ಸೇರಿಸುತ್ತಿದ್ದ ಹಳೇ ತಂತ್ರ ಫ್ರೇಮ್ ರಿಲೇ ಹೋಗಿ ವರ್ಷಗಳಾದವು. ಸೀರಿಯಲ್ ಲಿಂಕ್‌ನಲ್ಲಿ ಪಿಪಿಪಿ ಹಾಕೋದು ಹೋಯಿತು. ಸಿಸ್ಕೊದ್ದೇ ರೂಟಿಂಗ್ ವಿಧಾನವಾದ ಇಐಜಿಆರ್‌ಪಿ ಕಾನ್ಫಿಗರ್ ಮಾಡಿ ಅಂತ ಕೇಳೋದಿಲ್ಲ. ಆದರೂ "ಸಿಸಿಎನ್‌ಎ ಕಿಟ್" ಅಂತ ಮಾರುವ ಕಟ್ಟಿನಲ್ಲಿ ಇವತ್ತಿಗೂ ಸೀರಿಯಲ್ ಕಾರ್ಡು, ದಪ್ಪನೆಯ ಡಿಟಿಇ-ಡಿಸಿಇ ಕೇಬಲ್ಲು ಇರುತ್ತವೆ. ಅದಕ್ಕೆ ಕೊಡುವ ದುಡ್ಡು ಹಳೇ ಸಿಲಬಸ್ಸಿಗೆ ಕೊಟ್ಟ ದುಡ್ಡು. ನಾನೂ ಕೊಟ್ಟಿದ್ದೇನೆ.

ನಿಜವಾದ ಪೆಟ್ಟಿಗೆ

ಅಂಗಡಿಯವರು ಪ್ಲಗ್ ಹಾಕಿ ತೋರಿಸಿದರು. "ವರ್ಕಿಂಗ್ ಕಂಡೀಷನ್ ಸಾರ್, ಲೈಟ್ ನೋಡ್ಕೊಳ್ಳಿ." ಲೈಟ್ ಹಸಿರಾಗಿತ್ತು. ಮನೆಗೆ ತಂದು ಕನ್ಸೋಲ್ ಕೇಬಲ್ (ಲ್ಯಾಪ್‌ಟಾಪಿನಿಂದ ನೇರ ರೂಟರಿಗೆ ಕಮಾಂಡ್ ಕೊಡುವ ತಂತಿ) ಹಾಕಿದರೆ ಮೂರೂ ರೂಟರ್ ಪಾಸ್‌ವರ್ಡ್ ಕೇಳಿದವು. ಯಾವುದೋ ಆಫೀಸಿನಿಂದ ಹಾಗೇ ಕಳಚಿ ತಂದದ್ದು.

ಪಾಸ್‌ವರ್ಡ್ ರಿಕವರಿ ಓದುವುದಕ್ಕೂ ಕೈಯಾರೆ ಮಾಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ರೂಟರ್ ಆಫ್ ಮಾಡಿ ಆನ್ ಮಾಡಬೇಕು, ಒಂದು ನಿಮಿಷದೊಳಗೆ ಬ್ರೇಕ್ ಅನ್ನೋ ಸಂಕೇತ ಕಳಿಸಬೇಕು. ನನ್ನ ಲ್ಯಾಪ್‌ಟಾಪ್ ಕೀಬೋರ್ಡಿನಲ್ಲಿ ಬ್ರೇಕ್ ಕೀಲಿಯೇ ಇರಲಿಲ್ಲ. ಕನ್ಸೋಲ್ ತೆರೆಯುವ ಪ್ರೋಗ್ರಾಮ್ ಪುಟ್ಟಿಯ ಮೆನುವಿನಲ್ಲಿ ಸ್ಪೆಷಲ್ ಕಮಾಂಡ್ ಒಳಗೆ ಅದು ಅಡಗಿದೆ ಅಂತ ಗೊತ್ತಾಗುವಷ್ಟರಲ್ಲಿ ರೂಟರನ್ನು ಏಳೆಂಟು ಸಲ ಆನ್-ಆಫ್ ಮಾಡಿದ್ದೆ. ರಾಮ್‌ಮನ್ (ರೂಟರಿನ ತುರ್ತು ಮೋಡ್) ಪ್ರಾಂಪ್ಟ್ ಬಂದ ಮೇಲೆ ಕಾನ್ಫ್‌ರೆಗ್ ಅನ್ನು, ಅಂದರೆ ಹೇಗೆ ಏಳಬೇಕು ಅಂತ ಹೇಳುವ ರಿಜಿಸ್ಟರನ್ನು, 2142ಕ್ಕೆ ಬದಲಿಸಿ ರೀಸೆಟ್ ಕೊಟ್ಟೆ. ರೂಟರ್ ಹಳೇ ಕಾನ್ಫಿಗರೇಷನ್ ಓದದೆ ಖಾಲಿಯಾಗಿ ಎದ್ದಿತು. ಗೆದ್ದೆ ಅಂದುಕೊಂಡೆ. ಸಂಜೆಯೆಲ್ಲಾ ಕೂತು ಒಎಸ್‌ಪಿಎಫ್ ಹಾಕಿ, ಸೇವ್ ಮಾಡಿ, ಮಲಗಿದೆ. ಮರುದಿನ ಆನ್ ಮಾಡಿದರೆ ಮತ್ತೆ ಖಾಲಿ. ಮತ್ತೆ ಹಾಕಿದೆ, ಮತ್ತೆ ಖಾಲಿ. ರಿಜಿಸ್ಟರನ್ನು ವಾಪಸ್ 2102ಕ್ಕೆ ತರೋದನ್ನೇ ಮರೆತಿದ್ದೆ. ಸೇವ್ ಆದದ್ದು ಅಲ್ಲೇ ಇತ್ತು, ರೂಟರ್ ಅದನ್ನು ಓದುತ್ತಿರಲಿಲ್ಲ ಅಷ್ಟೆ. ಈ ಎರಡು ಸಂಖ್ಯೆ ಈ ಜನ್ಮದಲ್ಲಿ ಮರೆಯೋದಿಲ್ಲ.

ನಿಜವಾದ ಗೇರ್‌ನಿಂದ ಸಿಗೋದು ಇಂಥ ಪಾಠ. ಕನ್ಸೋಲ್ ಕೇಬಲ್ ಯಾವ ತೂತಿಗೆ ಹೋಗುತ್ತದೆ, 9600 ಬಾಡ್ ಅನ್ನೋ ಕನ್ಸೋಲ್ ವೇಗ ತಪ್ಪಾದರೆ ಪರದೆಯ ಮೇಲೆ ಕಸದಂಥ ಅಕ್ಷರ ಹೇಗೆ ಬರುತ್ತವೆ, ಪೋರ್ಟಿನ ಲೈಟು ಅಂಬರ್‌ನಿಂದ ಹಸಿರಾಗಲು ಯಾಕೆ ಮೂವತ್ತು ಸೆಕೆಂಡ್ ಬೇಕು. ಸ್ಪ್ಯಾನಿಂಗ್ ಟ್ರೀಯ ಲಿಸನಿಂಗ್ ಹಂತಕ್ಕೆ 15, ಲರ್ನಿಂಗ್ ಹಂತಕ್ಕೆ 15. ಪುಸ್ತಕದಲ್ಲಿ ಇದು ಒಂದು ಸಾಲು. ಮೇಜಿನ ಮುಂದೆ ಕಾಯುತ್ತಾ ಕೂತಾಗ ಅದು ಬೇರೆಯೇ ವಿಷಯ.

ಕಷ್ಟಗಳೂ ಇವೆ. ಒಂದು, ಸದ್ದು. ರ‍್ಯಾಕಿನಲ್ಲಿಡಲು ಮಾಡಿದ ಪೆಟ್ಟಿಗೆಗಳ ಫ್ಯಾನು ಬಾಡಿಗೆ ರೂಮಿಗೆ ಹೇಳಿಮಾಡಿಸಿದ್ದಲ್ಲ. "ಏನಪ್ಪಾ, ರಾತ್ರಿ ಹೊತ್ತು ಮಿಕ್ಸಿ ಹಾಕ್ತೀಯಾ?" ಅಂತ ಓನರ್ ಆಂಟಿ ಕೇಳಿದ್ದರು. ಇನ್ನೊಂದು, ಪಿಸಿಗಳು ಎಲ್ಲಿ? ಎರಡು ವಿಲ್ಯಾನ್ ಮಧ್ಯೆ ಪಿಂಗ್ (ಆಚೆ ತುದಿ ಮುಟ್ಟುತ್ತದಾ ಅನ್ನೋ ಪರೀಕ್ಷೆ) ಮಾಡಬೇಕಾದರೆ ಎರಡು ತುದಿಯಲ್ಲೂ ಏನಾದರೂ ಇರಬೇಕು. ನನ್ನ ಹತ್ತಿರ ಇದ್ದದ್ದು ಒಂದೇ ಲ್ಯಾಪ್‌ಟಾಪ್. ಕೊನೆಗೆ ಮೂರನೇ ರೂಟರನ್ನೇ ಪಿಸಿ ಅಂತ ಮಾಡಿಕೊಂಡೆ.

ಮನೆಯ ವೈಫೈಗೆ ಲ್ಯಾಬ್ ಸ್ವಿಚ್ ಚುಚ್ಚಬೇಡಿ ಅನ್ನೋದೂ ಅನುಭವದ ಮಾತು. ರೂಟರಿನ ಗಡಿಯಾರ ಸರಿ ಮಾಡೋಣ ಅಂತ ಒಂದು ಕೇಬಲ್ ಎಳೆದೆ. ಆ ರೂಟರಿನಲ್ಲಿ ಹಿಂದಿನ ದಿನ ಹಾಕಿದ ಡಿಎಚ್‌ಸಿಪಿ ಪೂಲ್, ಅಂದರೆ ಕೇಳಿದವರಿಗೆಲ್ಲ ಐಪಿ ವಿಳಾಸ ಹಂಚುವ ಪಟ್ಟಿ, ಹಾಗೇ ಇತ್ತು. ಐದು ನಿಮಿಷಕ್ಕೆ ಮ್ಯಾಚ್ ನೋಡುತ್ತಿದ್ದ ರೂಮ್‌ಮೇಟ್ ಕೂಗಿದ: "ಲೋ, ನಿನ್ನ ಡಬ್ಬ ಆಫ್ ಮಾಡೋ!" ಅವನ ಫೋನಿಗೆ ನನ್ನ ಲ್ಯಾಬಿನ 10.10.10.0 ನೆಟ್‌ವರ್ಕಿನ ವಿಳಾಸ ಹೋಗಿತ್ತು. ಇಂಥ ಬೇಡದ ಡಿಎಚ್‌ಸಿಪಿಯನ್ನು ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಯಾಕೆ ಬೇಕು ಅಂತ ಆಮೇಲೆ ಯಾರೂ ವಿವರಿಸಬೇಕಾಗಲಿಲ್ಲ.

ಕೊಳ್ಳಲೇಬೇಕು ಅನಿಸಿದರೆ ಒಂದು 2960 ಕೊಳ್ಳಿ, ಸಾಕು. ಮಾಡೆಲ್ ಸಂಖ್ಯೆಯ ಕೊನೆಯ ಅಕ್ಷರ ನೋಡಿ. "ಎಲ್" ಇದ್ದರೆ ಲ್ಯಾನ್ ಬೇಸ್, "ಎಸ್" ಇದ್ದರೆ ಲ್ಯಾನ್ ಲೈಟ್. ಲೈಟ್‌ನಲ್ಲಿ ಫೀಚರ್ ಕಮ್ಮಿ. ಅಂಗಡಿಗೆ ಲ್ಯಾಪ್‌ಟಾಪ್, ಕನ್ಸೋಲ್ ಕೇಬಲ್ ಎರಡೂ ಒಯ್ಯಿರಿ. ಶೋ ವರ್ಷನ್ ಕಮಾಂಡ್ ಹೊಡೆದು ಇಮೇಜಿನ (ಪೆಟ್ಟಿಗೆಯ ಸಾಫ್ಟ್‌ವೇರ್ ಫೈಲಿನ) ಹೆಸರಿನಲ್ಲಿ "ಕೆ9" ಇದೆಯಾ ನೋಡಿ. ಇಲ್ಲದಿದ್ದರೆ ದೂರದಿಂದ ಭದ್ರವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಹಾಕೋಕೆ ಆಗೋದಿಲ್ಲ, ಪರೀಕ್ಷೆಗೆ ಅದು ಬೇಕು. ಮನೆಗೆ ತಂದ ಮೇಲೆ ಸ್ಟಾರ್ಟಪ್ ಕಾನ್ಫಿಗ್ ಅಳಿಸಿದರೆ ಸಾಲದು. ವಿಲ್ಯಾನ್‌ಗಳು ಫ್ಲ್ಯಾಶಿನಲ್ಲಿ ವಿಲ್ಯಾನ್ ಡಾಟ್ ಡ್ಯಾಟ್ ಅನ್ನೋ ಬೇರೆ ಫೈಲಿನಲ್ಲಿ ಕೂತಿರುತ್ತವೆ, ಅದನ್ನೂ ಅಳಿಸಬೇಕು. ಹಳೇ ಆಫೀಸಿನ ವಿಲ್ಯಾನ್ ಹೆಸರುಗಳನ್ನು ನೋಡಿ ಗಾಬರಿಯಾದವರಲ್ಲಿ ನಾನೂ ಒಬ್ಬ.

ಪ್ಯಾಕೆಟ್ ಟ್ರೇಸರ್

ಇದು ಲ್ಯಾಪ್‌ಟಾಪಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್. ಸಿಸ್ಕೊದ್ದೇ, ಪುಕ್ಕಟೆ. ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಇಳಿಸಿಕೊಳ್ಳಬಹುದು. 4 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಮ್ಯಾಕಿನಲ್ಲೂ ಓಡುತ್ತದೆ. "ಅದು ಮಕ್ಕಳಾಟ" ಅಂತ ಮೂಗು ಮುರಿಯುವವರು ಜಾಸ್ತಿ. ನಾನೂ ಮುರಿದಿದ್ದೆ. ಆ ಮೂಗಿಗೆ ಎರಡು ತಿಂಗಳು ದಂಡ ಕಟ್ಟಿದೆ.

ಇದು ಸಿಮ್ಯುಲೇಟರ್. ಒಳಗೆ ನಿಜವಾದ ಐಒಎಸ್ (ಸಿಸ್ಕೊ ಪೆಟ್ಟಿಗೆಗಳ ಆಪರೇಟಿಂಗ್ ಸಿಸ್ಟಮ್, ಐಫೋನಿನದಲ್ಲ) ಓಡುತ್ತಿಲ್ಲ, ಐಒಎಸ್ ತರಹ ನಟಿಸುವ ಪ್ರೋಗ್ರಾಮ್ ಓಡುತ್ತಿದೆ. ಆದರೆ ಸಿಸಿಎನ್‌ಎ ಪಟ್ಟಿಯಲ್ಲಿರುವ ಬಹುತೇಕ ಎಲ್ಲವನ್ನೂ ನಟಿಸುತ್ತದೆ. ವೈರ್‌ಲೆಸ್ ಕಂಟ್ರೋಲರ್ ಕೂಡ ಇದೆ. ಅದರ ವೆಬ್ ಪುಟ ತೆರೆದು ಡಬ್ಲ್ಯುಲ್ಯಾನ್ ಕಟ್ಟಿ ನೋಡಬಹುದು. ನಿಜವಾದ ಕಂಟ್ರೋಲರ್, ಆಕ್ಸೆಸ್ ಪಾಯಿಂಟ್ ಮನೆಗೆ ತರೋದು ಯಾರಿಗೆ ಸಾಧ್ಯ ಹೇಳಿ?

ಇದರ ಚಿನ್ನದಂಥ ಭಾಗ ಸಿಮ್ಯುಲೇಷನ್ ಮೋಡ್. ಪಿಂಗ್ ಕೊಟ್ಟರೆ ಪುಟ್ಟ ಲಕೋಟೆ ಹೊರಟು, ಹೆಜ್ಜೆ ಹೆಜ್ಜೆಗೆ ನಿಂತು, ತೆರೆದು ತೋರಿಸುತ್ತದೆ. ಮೊದಲ ಪಿಂಗ್ ಯಾಕೆ ವಿಫಲವಾಗುತ್ತದೆ ಅಂತ ನನಗೆ ತಿಳಿದದ್ದು ಇಲ್ಲೇ. ಎಆರ್‌ಪಿ ಲಕೋಟೆ ಮೊದಲು ಓಡಿಹೋಗಿ ಆಚೆಯವರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಕೇಳಿಕೊಂಡು ಬರುವಷ್ಟರಲ್ಲಿ ಪಿಂಗ್ ಲಕೋಟೆ ಸತ್ತುಬಿದ್ದಿರುತ್ತದೆ. ಸ್ಪ್ಯಾನಿಂಗ್ ಟ್ರೀಗೆ ಕಾಯೋಕೆ ಬೇಜಾರಾದರೆ ಕಾಲವನ್ನೇ ಮುಂದಕ್ಕೆ ಓಡಿಸುವ ಬಟನ್ ಇದೆ. ನಿಜವಾದ ಸ್ವಿಚ್‌ನಲ್ಲಿ ಅದು ಎಲ್ಲಿ ಸಿಗುತ್ತದೆ?

ತೊಂದರೆ ಒಂದಿದೆ, ಹೊಸಬರಿಗೆ ಅದು ದೊಡ್ಡದೇ. ಕೆಲವು ಕಮಾಂಡ್‌ಗಳು ಅದರಲ್ಲಿ ಇಲ್ಲವೇ ಇಲ್ಲ. ಹೊಡೆದರೆ "ಇನ್‌ವ್ಯಾಲಿಡ್ ಇನ್‌ಪುಟ್" ಅನ್ನುತ್ತದೆ. ತಪ್ಪು ಟೈಪ್ ಮಾಡಿದರೂ ಅದೇ ಮಾತು. ತಪ್ಪು ನನ್ನದಾ, ಸಾಫ್ಟ್‌ವೇರಿನದಾ ಗೊತ್ತಾಗೋದಿಲ್ಲ. ವೈರ್‌ಶಾರ್ಕ್ ಹಾಕಿ ಪ್ಯಾಕೆಟ್ ಹಿಡಿಯೋಕೂ ಆಗೋದಿಲ್ಲ. ಇಂಟರ್ನೆಟ್ಟಿನ ದೊಡ್ಡ ನೆಟ್‌ವರ್ಕ್‌ಗಳ ನಡುವಿನ ರೂಟಿಂಗ್ ಆದ ಬಿಜಿಪಿ ಅರೆಬರೆ. ಸಿಸಿಎನ್‌ಎ ಮೇಲಿನ ಹಂತವಾದ ಸಿಸಿಎನ್‌ಪಿ ಮಟ್ಟಕ್ಕೆ ಇದು ಸಾಲದು.

ನಿಜವಾದ ಐಒಎಸ್, ಲ್ಯಾಪ್‌ಟಾಪಿನೊಳಗೆ

ಇಲ್ಲಿ ಮೂರು ಹೆಸರು ಕೇಳಿಬರುತ್ತವೆ: ಜಿಎನ್‌ಎಸ್3, ಈವ್-ಎನ್‌ಜಿ, ಸಿಎಂಎಲ್. ಮೂರೂ ನಿಜವಾದ ರೂಟರ್ ಸಾಫ್ಟ್‌ವೇರನ್ನು ವರ್ಚುವಲ್ ಆಗಿ ಓಡಿಸುತ್ತವೆ. ಯಾವುದು ಒಳ್ಳೇದು ಅಂತ ಜನ ದಿನಗಟ್ಟಲೆ ಜಗಳ ಆಡುತ್ತಾರೆ. ನನ್ನ ಪ್ರಕಾರ ಜಗಳಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಇಮೇಜ್ ಎಲ್ಲಿಂದ ತರ್ತೀರಿ?

ಜಿಎನ್‌ಎಸ್3 ಮುಕ್ತ ಸಾಫ್ಟ್‌ವೇರ್. ಮೊದಲಿನಿಂದಲೂ ಅದರ ಒಳಗಿನ ಕುದುರೆ ಡೈನಮಿಪ್ಸ್, ಅಂದರೆ 3700, 7200ರಂಥ ಹಳೇ ರೂಟರ್‌ಗಳ ಯಂತ್ರಾಂಶವನ್ನೇ ಅನುಕರಿಸುವ ಪ್ರೋಗ್ರಾಮ್. ಐಡಲ್-ಪಿಸಿ ಅನ್ನೋ ಸೆಟ್ಟಿಂಗನ್ನು ಸರಿಯಾಗಿ ಹೊಂದಿಸದಿದ್ದರೆ ಒಂದೇ ರೂಟರ್ ಪ್ರೊಸೆಸರನ್ನು 100%ಕ್ಕೆ ಎಳೆದುಬಿಡುತ್ತದೆ. ಕ್ಯಾಟಲಿಸ್ಟ್ ಸ್ವಿಚ್‌ಗಳನ್ನು ಡೈನಮಿಪ್ಸ್ ಓಡಿಸೋದಿಲ್ಲ. ರೂಟರಿಗೆ ಈಥರ್‌ಸ್ವಿಚ್ ಕಾರ್ಡ್ ಹಾಕಿ ಹೇಗೋ ಕೆಲಸ ನಡೆಸಬೇಕು. ವರ್ಚುವಲ್ ಯಂತ್ರಗಳನ್ನೂ ಸೇರಿಸಬಹುದು, ವೈರ್‌ಶಾರ್ಕ್ ಚೆನ್ನಾಗಿ ಕೂರುತ್ತದೆ. ಆದರೆ ಸಿಸ್ಕೊ ಇಮೇಜನ್ನು ನೀವೇ ತರಬೇಕು.

ಈವ್-ಎನ್‌ಜಿ ಮುಂಚೆ ಯೂನೆಟ್‌ಲ್ಯಾಬ್ ಅಂತಿತ್ತು. ಬ್ರೌಸರಿನಲ್ಲೇ ಎಲ್ಲ ನಡೆಯುತ್ತದೆ. ಬೇರೆ ಬೇರೆ ಕಂಪನಿಗಳ ಉಪಕರಣ ಬೆರೆಸಿ ಆಡುವವರಿಗೆ ಇದು ಪ್ರೀತಿಪಾತ್ರ. ಕಮ್ಯುನಿಟಿ ಆವೃತ್ತಿ ಪುಕ್ಕಟೆ. ಆದರೆ ನೋಡ್ (ಲ್ಯಾಬಿನೊಳಗಿನ ಒಂದೊಂದು ಯಂತ್ರ) ಓಡುತ್ತಿರುವಾಗ ಹೊಸ ಕೇಬಲ್ ಎಳೆಯೋಕೆ ಪ್ರೊ ಆವೃತ್ತಿ ಬೇಕು. ಇದರಲ್ಲೂ ಇಮೇಜ್ ನಿಮ್ಮ ಹೊಣೆ. ಯಾವುದೋ ಡ್ರೈವ್ ಲಿಂಕಿನಿಂದ ಇಳಿಸಿದ ಇಮೇಜ್ ಲೈಸೆನ್ಸಿಗೂ ವಿರುದ್ಧ, ಒಳಗೇನಿದೆ ಅಂತಲೂ ಗೊತ್ತಿಲ್ಲ. ನೆಟ್‌ವರ್ಕ್ ಸೆಕ್ಯುರಿಟಿ ಓದುವವರು ಮಾಡುವ ಕೆಲಸವಾ ಇದು?

ಈ ಕಾರಣಕ್ಕೇ ಸಿಸಿಎನ್‌ಎ ಓದುವವರಿಗೆ ನಾನು ಸಿಎಂಎಲ್ ಕಡೆ ಕೈ ತೋರಿಸೋದು. ಸಿಸ್ಕೊ ಮಾಡೆಲಿಂಗ್ ಲ್ಯಾಬ್ಸ್. ರೂಟರ್, ಸ್ವಿಚ್ ಇಮೇಜ್‌ಗಳು ಅದರ ಜೊತೆಗೇ ಬರುತ್ತವೆ. ಪರ್ಸನಲ್ ಲೈಸೆನ್ಸ್ ವರ್ಷಕ್ಕೆ 199 ಡಾಲರ್, 20 ನೋಡ್. ಮುಂಚೆ ಅಷ್ಟು ಕೊಡೋದು ಕಷ್ಟ ಅನ್ನೋರು ಜಿಎನ್‌ಎಸ್3ಗೆ ಹೋಗುತ್ತಿದ್ದರು. 2.8 ಆವೃತ್ತಿಯಿಂದ 5 ನೋಡ್‌ವರೆಗೆ ಪುಕ್ಕಟೆ ಕೊಡಲು ಶುರು ಮಾಡಿದ ಮೇಲೆ ಲೆಕ್ಕ ಬದಲಾಯಿತು.

5 ಅಂದರೆ ಕಮ್ಮಿ ಅನಿಸುತ್ತದೆ. ಸ್ವಲ್ಪ ಜಾಣತನ ಬೇಕು. ಅನ್‌ಮ್ಯಾನೇಜ್ಡ್ ಸ್ವಿಚ್, ಹೊರಗಿನ ನೆಟ್‌ವರ್ಕಿಗೆ ಸೇರಿಸುವ ಕನೆಕ್ಟರ್ ಎರಡೂ ಲೆಕ್ಕಕ್ಕೆ ಬರೋದಿಲ್ಲ. ಪಿಸಿಗೆ ಒಂದು ನೋಡ್ ಖರ್ಚು ಮಾಡುವ ಬದಲು ರೂಟರಿನಲ್ಲಿ ಒಂದು ಲೂಪ್‌ಬ್ಯಾಕ್ (ಕೇಬಲ್ ಬೇಡದ ಕಾಲ್ಪನಿಕ ಪೋರ್ಟ್) ಹಾಕಿ ಅದನ್ನೇ ಆಚೆ ತುದಿಯ ಮನೆ ಅಂದುಕೊಳ್ಳಿ. ಮೂರು ರೂಟರ್, ಎರಡು ಸ್ವಿಚ್‌ನಲ್ಲಿ ಒಎಸ್‌ಪಿಎಫ್, ಈಥರ್‌ಚಾನೆಲ್, ಎಸಿಎಲ್ (ಯಾವ ಪ್ಯಾಕೆಟ್ ಬಿಡಬೇಕು ಅನ್ನೋ ಪಟ್ಟಿ), ನ್ಯಾಟ್ (ವಿಳಾಸ ಬದಲಿಸೋದು) ಎಲ್ಲ ಆಗುತ್ತದೆ.

ಯಂತ್ರಕ್ಕೆ ಕನಿಷ್ಠ 4 ಕೋರ್, 8 ಜಿಬಿ ರ‍್ಯಾಮ್ ಬೇಕು. ಅದು ಸಿಎಂಎಲ್ ಒಂದಕ್ಕೇ ಕೊಡಬೇಕಾದದ್ದು. ವಿಂಡೋಸ್‌ಗೆ ಬೇರೆ. ಅಂದರೆ ಲ್ಯಾಪ್‌ಟಾಪಿನಲ್ಲಿ 16 ಜಿಬಿ ಇರಬೇಕು. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಸ್ವಂತ ಬಳಕೆಗೆ 2024ರಿಂದ ಪುಕ್ಕಟೆ, ಅದರ ಮೇಲೆ ಹಾಕಿ. ಆನ್ ಮಾಡಿದಾಗ "ವಿಟಿ-ಎಕ್ಸ್ ಬೆಂಬಲ ಇಲ್ಲ" ಅಂದರೆ ಎರಡು ಕಡೆ ನೋಡಿ: ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆನ್ ಇದೆಯಾ, ವಿಂಡೋಸ್‌ನ ಹೈಪರ್-ವಿ ಅಥವಾ ಮೆಮೊರಿ ಇಂಟೆಗ್ರಿಟಿ ಅಡ್ಡ ಬರುತ್ತಿದೆಯಾ. ಎರಡನೆಯದಕ್ಕೆ ನನ್ನ ಒಂದು ಶನಿವಾರ ಹೋಯಿತು. ಎಂ1 ಮತ್ತು ಆಮೇಲಿನ ಮ್ಯಾಕ್ ಇದ್ದವರು ಈ ಆಸೆ ಬಿಡಬೇಕು, ಸಿಎಂಎಲ್ ಅದರಲ್ಲಿ ಓಡೋದಿಲ್ಲ.

ಒಂದೇ ಲ್ಯಾಬ್, ಮೂರು ಕಡೆ

ಹೋಲಿಕೆ ಬಾಯಿಮಾತಾಗಬಾರದು ಅಂತ ಒಂದು ಭಾನುವಾರ ಒಂದೇ ಲ್ಯಾಬನ್ನು ಮೂರು ಕಡೆ ಕಟ್ಟಿದೆ. ರೂಟರ್ ಆನ್ ಎ ಸ್ಟಿಕ್, ಅಂದರೆ ಒಂದೇ ಕೇಬಲ್‌ನಲ್ಲಿ ರೂಟರ್ ಎರಡು ವಿಲ್ಯಾನ್ ಸೇರಿಸೋದು: ಒಂದು ರೂಟರ್, ಒಂದು ಸ್ವಿಚ್, ವಿಲ್ಯಾನ್ 10 ಮತ್ತು 20, ಮಧ್ಯೆ ಪಿಂಗ್.

ಪ್ಯಾಕೆಟ್ ಟ್ರೇಸರಿನಲ್ಲಿ ಹತ್ತು ನಿಮಿಷ. ಪಿಸಿಗಳನ್ನು ಎಳೆದು ಹಾಕಿದೆ, ಆಯಿತು. ಸಿಎಂಎಲ್‌ನಲ್ಲಿ ಯಂತ್ರ ಏಳುವುದೂ ಸೇರಿ ಕಾಲು ಗಂಟೆ ದಾಟಿತು. ಮೇಜಿನ ಮೇಲಿನ ಪೆಟ್ಟಿಗೆಗಳಲ್ಲಿ ಒಂದೂಕಾಲು ಗಂಟೆ. ಮುಕ್ಕಾಲು ಪಾಲು ಕೇಬಲ್ ಹುಡುಕೋಕೆ, ಯುಎಸ್‌ಬಿ ಕನ್ವರ್ಟರ್ ಯಾವ ಕಾಮ್ ಪೋರ್ಟಿಗೆ ಕೂತಿದೆ ಅಂತ ನೋಡೋಕೆ ಹೋಯಿತು.

ಆದರೆ ಕಲಿತದ್ದು ಬೇರೆ ಬೇರೆ. ಸಿಎಂಎಲ್‌ನ ಸ್ವಿಚ್‌ನಲ್ಲಿ ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್ ಅಂದೆ. ಎನ್‌ಕ್ಯಾಪ್ಸುಲೇಷನ್ "ಆಟೊ" ಇರುವಾಗ ಟ್ರಂಕ್ ಮಾಡೋಕೆ ಆಗಲ್ಲ ಅಂತ ಬೈಯಿತು. ಮೊದಲು ಡಾಟ್1ಕ್ಯೂ (ಟ್ರಂಕಿನಲ್ಲಿ ವಿಲ್ಯಾನ್ ಗುರುತು ಹಚ್ಚುವ ವಿಧಾನ) ಅಂತ ಹೇಳಬೇಕು. 2960ಗೆ ಡಾಟ್1ಕ್ಯೂ ಬಿಟ್ಟು ಬೇರೇನೂ ಗೊತ್ತಿಲ್ಲ. ಅದಕ್ಕೇ ಆ ಕಮಾಂಡೇ ಅದರಲ್ಲಿ ಇಲ್ಲ. ಒಂದೇ ಕಡೆ ಅಭ್ಯಾಸ ಮಾಡಿದ್ದರೆ ಇನ್ನೊಂದು ಕಡೆ ತಡವರಿಸುತ್ತಿದ್ದೆ. ಹಾಗೇ ಕಮಾಂಡ್ ಒಂದು ಅಕ್ಷರ ತಪ್ಪಾದಾಗ ರೂಟರ್ ಅದನ್ನು ಯಾವುದೋ ಯಂತ್ರದ ಹೆಸರು ಅಂದುಕೊಂಡು 255.255.255.255ರಲ್ಲಿ, ಅಂದರೆ ಎಲ್ಲರನ್ನೂ ಕೂಗಿ, ವಿಚಾರಿಸುತ್ತಾ ಕೂರುತ್ತದಲ್ಲ, ಆ ಕಾಯುವಿಕೆ ಮೂರೂ ಕಡೆ ಇದೆ. ಅದನ್ನು ತಪ್ಪಿಸುವ ನೋ ಐಪಿ ಡೊಮೇನ್ ಲುಕಪ್ ಅನ್ನೋ ಕಮಾಂಡು ನನ್ನ ಕೈಗೆ ಸಂಧ್ಯಾವಂದನೆಯ ಹಾಗೆ ಅಭ್ಯಾಸವಾಗಿದೆ.

ಹಾಗಾದರೆ ಯಾರಿಗೆ ಯಾವುದು? ಕಾಲೇಜಿನಲ್ಲಿದ್ದೀರಿ, ಲ್ಯಾಪ್‌ಟಾಪಿನಲ್ಲಿ 8 ಜಿಬಿ ಇದೆ ಅಂದರೆ ಪ್ಯಾಕೆಟ್ ಟ್ರೇಸರ್ ಒಂದೇ ಸಾಕು. ಅದರಲ್ಲೇ ಪಾಸಾಗಬಹುದು. ಉಳಿದ ದುಡ್ಡು ಪರೀಕ್ಷೆಯ ಫೀಸಿಗೆ ಇರಲಿ. ಕೆಲಸದಲ್ಲಿದ್ದೀರಿ, 16 ಜಿಬಿ ಇದೆ ಅಂದರೆ ಮೊದಲ ತಿಂಗಳು ಪ್ಯಾಕೆಟ್ ಟ್ರೇಸರ್, ಆಮೇಲೆ ಸಿಎಂಎಲ್ ಫ್ರೀ. ಡೆಸ್ಕ್‌ಟಾಪ್ ಸಪೋರ್ಟ್ ಅಥವಾ ಫೀಲ್ಡ್ ಕೆಲಸ ಹುಡುಕುತ್ತಿದ್ದರೆ ಒಂದು ಹಳೇ 2960 ಸೇರಿಸಿ. ಇಂಟರ್‌ವ್ಯೂನಲ್ಲಿ ಕನ್ಸೋಲ್ ಕೇಬಲ್ ಕೈಗೆ ಕೊಟ್ಟರೆ ಕೈ ನಡುಗಬಾರದು. ಸಿಸಿಎನ್‌ಪಿಗೆ ಹೋಗುವವರು 199 ಡಾಲರ್ ಕೊಡುವುದೇ ವಾಸಿ. ಬಿಜಿಪಿ ಲ್ಯಾಬಿಗೆ 5 ನೋಡ್ ಸಾಲೋದಿಲ್ಲ. 32 ಜಿಬಿ ಹಾಕಿದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಒಂದು ಮೂಲೆಯಲ್ಲಿ ಸದ್ದಿಲ್ಲದೆ ಓಡುತ್ತದೆ. ಹಳೇ ರ‍್ಯಾಕ್ ಸರ್ವರ್ ಅಗ್ಗ ಅಂತ ತರಬೇಡಿ, ಮತ್ತೆ ಮಿಕ್ಸಿ ಕಥೆ.

ಸಿಸ್ಕೊ ಬಿಟ್ಟು ಬೇರೆ ಕಡೆ ಹೋಗುವವರಿಗೆ ದಾರಿ ಇನ್ನೂ ಸಲೀಸು. ಜೂನಿಪರ್‌ನ ವಿಲ್ಯಾಬ್ಸ್ ಬ್ರೌಸರಿನಲ್ಲೇ ಪುಕ್ಕಟೆ. ಮೈಕ್ರೊಟಿಕ್‌ನ ವರ್ಚುವಲ್ ರೂಟರ್ ಸಿಎಚ್‌ಆರ್ ಇಮೇಜ್ ಕೂಡ ಪುಕ್ಕಟೆ. ವೇಗ 1 ಎಂಬಿಪಿಎಸ್‌ಗೆ ಕಟ್ಟಿಹಾಕಿರುತ್ತಾರೆ, ಲ್ಯಾಬಿಗೆ ಅದೇನೂ ಅಡ್ಡಿಯಲ್ಲ. ಕಂಟೇನರ್‌ಲ್ಯಾಬ್ ಲಿನಕ್ಸ್, ಡಾಕರ್ ಗೊತ್ತಿದ್ದವರಿಗೆ. ಸೆಕೆಂಡುಗಳಲ್ಲಿ ಏಳುತ್ತದೆ, ಆದರೆ ಮೊದಲ ಸರ್ಟಿಫಿಕೇಟಿಗೆ ಅದು ಬೇಡ.

ಹೋದ ತಿಂಗಳು ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ. "ಅಣ್ಣಾ, ನಿಮ್ಮ ರೂಟರ್‌ಗಳನ್ನ ಮಾರ್ತೀರಾ? ಸಿಸಿಎನ್‌ಎ ಶುರು ಮಾಡ್ತಿದ್ದೀನಿ." ರೂಟರ್ ಕೊಡಲಿಲ್ಲ. ಒಂದು ಸ್ವಿಚ್ಚು, ತೆಳು ನೀಲಿ ಕನ್ಸೋಲ್ ಕೇಬಲ್ಲು ಕೊಟ್ಟೆ. ಪ್ಯಾಕೆಟ್ ಟ್ರೇಸರ್ ಹಾಕ್ಕೋ ಅಂತ ಹೇಳಿ ಕಳಿಸಿದೆ. ಸ್ವಲ್ಪ ಬೇಜಾರು ಮಾಡಿಕೊಂಡಂತೆ ಕಂಡಿತು.

ವಾರ ಬಿಟ್ಟು ರಾತ್ರಿ ಹನ್ನೊಂದಕ್ಕೆ ಅವನ ಮೆಸೇಜ್: "ಅಣ್ಣಾ, ಸ್ವಿಚ್ಚಿಗೆ ಪಾಸ್‌ವರ್ಡ್ ಹಾಕಿ ಮರ್ತುಬಿಟ್ಟೆ."

ಪ್ಲಗ್ ಕಿತ್ತು, ಮುಂದೆ ಇರೋ ಮೋಡ್ ಬಟನ್ ಒತ್ತಿ ಹಿಡ್ಕೊಂಡು ಮತ್ತೆ ಹಾಕು, ಅಂತ ಬರೆದೆ. ಮುಂದಿನದನ್ನು ಬರೆಯಲಿಲ್ಲ. ಅವನೇ ಹುಡುಕಲಿ.